ಹಡಗಿನ ಮುಂದಿನ ಬೊಂಬೆ

ಹೋದ ವರ್ಷ ನಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾರ್ಯದರ್ಶಿಯಾಗಿದ್ದಳು. ಕಾರ್ಯಕ್ರಮ ಯಾವುದು, ಅತಿಥಿ ಯಾರು ಎಂಬುದನ್ನೆಲ್ಲ ನಿರ್ಧರಿಸುತ್ತಿದ್ದವರು ನಾವು, ಶಿಕ್ಷಕರು. ಅವಳ ಪಾಲಿಗೆ ಸ್ವಾಗತ ಭಾಷಣ ಮಾತ್ರ. ಒಂದು ದಿನ ಬಂದು ಕೇಳಿದಳು: ‘ಸಾರ್, ಇಂಗ್ಲಿಷ್ ಪಾಠದಲ್ಲಿ ಫಿಗರ್‌ಹೆಡ್ ಅಂತ ಒಂದು ಪದ ಬಂತು. ಅಂದ್ರೆ ನನ್ನ ಹಾಗೇನಾ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಈ ಪದ ಬಂದದ್ದು ಸಮುದ್ರದಿಂದ. ಹಾಯಿಹಡಗುಗಳ ಕಾಲದಲ್ಲಿ ಹಡಗಿನ ಮುಂತುದಿಗೆ ಮರದಲ್ಲಿ ಕೆತ್ತಿದ ಆಕೃತಿಯೊಂದನ್ನು ಕೂರಿಸುತ್ತಿದ್ದರು. ಸಿಂಹ, ರಾಜ, ದೇವತೆ, ಹೀಗೆ ಹಲವು ರೂಪಗಳು. ಅದೇ ಫಿಗರ್‌ಹೆಡ್. ಚೀನಾದಿಂದ ಚಹಾ ತರಲೆಂದು ಸ್ಕಾಟ್‌ಲೆಂಡಿನಲ್ಲಿ ಕಟ್ಟಿ 1869ರಲ್ಲಿ ನೀರಿಗಿಳಿಸಿದ ‘ಕಟಿ ಸಾರ್ಕ್’ ಹಡಗನ್ನು ಲಂಡನ್ನಿನ ಗ್ರೀನಿಚ್‌ನಲ್ಲಿ ಇಂದಿಗೂ ಕಾಣಬಹುದು. ಅದರ ಮುಂತುದಿಯಲ್ಲಿ ಕುದುರೆಯ ಬಾಲ ಹಿಡಿದು ಕೈಚಾಚಿದ ಮಾಟಗಾತಿ ನ್ಯಾನಿ ಇದ್ದಾಳೆ. ರಾಬರ್ಟ್ ಬರ್ನ್ಸ್‌ನ ಕವನದ ಪಾತ್ರ ಅವಳು. ಅವಳು ತೊಟ್ಟ ಗಿಡ್ಡ ಅಂಗಿಯ ಹೆಸರೇ ಹಡಗಿನ ಹೆಸರು.

ನೋಡಿದವರಿಗೆ ಹಡಗನ್ನು ಅವಳೇ ಎಳೆದೊಯ್ಯುತ್ತಿರುವಂತೆ ತೋರುತ್ತದೆ. ಆದರೆ ಹಡಗನ್ನು ಮುಂದೆ ನೂಕುವುದು ಹಾಯಿಗೆ ತಾಗುವ ಗಾಳಿ. ದಿಕ್ಕು ತಿರುಗಿಸುವುದು ಹಿಂಭಾಗದ ಚುಕ್ಕಾಣಿ. ಅದರ ಬಹುಪಾಲು ನೀರಿನೊಳಗೆ ಇರುವುದರಿಂದ ಯಾರ ಕಣ್ಣಿಗೂ ಬೀಳದು. ಮೊದಲ ಅಲೆಯ ಪೆಟ್ಟು ಮಾತ್ರ ಬೊಂಬೆಗೇ!

ಹೀಗಾಗಿ ಸ್ಥಾನದಲ್ಲಿ ಎಲ್ಲರಿಗಿಂತ ಮುಂದಿದ್ದು, ಅಧಿಕಾರ ಇಲ್ಲದವರಿಗೂ ಈ ಹೆಸರು ಬಂತು. ಕನ್ನಡದಲ್ಲಿ ‘ನಾಮಮಾತ್ರದ ಮುಖ್ಯಸ್ಥ’ ಎನ್ನುತ್ತೇವೆ. ಆಡುಮಾತಿನಲ್ಲಿ ಇನ್ನೂ ಸೊಗಸಾದ ಪದವಿದೆ: ‘ಉತ್ಸವಮೂರ್ತಿ’. ಮೂಲವಿಗ್ರಹ ಗರ್ಭಗುಡಿಯಲ್ಲೇ ಇರುತ್ತದೆ. ಮೆರವಣಿಗೆ ಹೊರಡುವುದು ಉತ್ಸವಮೂರ್ತಿ.

ಬಳಸುವಾಗ ಎಚ್ಚರ ಬೇಕು. ಫಿಗರ್‌ಹೆಡ್ ಎಂದರೆ ‘ಕೈಗೊಂಬೆ’ ಅಲ್ಲ. ಕೈಗೊಂಬೆ ಎಂಬುದು ಬೈಗುಳ. ಫಿಗರ್‌ಹೆಡ್‌ಗೆ ಗೌರವದ ಸ್ಥಾನವಿರಬಹುದು. ಬ್ರಿಟನ್ನಿನ ರಾಜ ಇದಕ್ಕೆ ಉದಾಹರಣೆ. ನಮ್ಮ ರಾಷ್ಟ್ರಪತಿಯವರನ್ನೂ ಕೆಲವರು ಹೀಗೆ ಕರೆಯುವುದುಂಟು. ಸಂವಿಧಾನದ 74ನೆಯ ವಿಧಿಯಂತೆ ಅವರು ಮಂತ್ರಿಮಂಡಲದ ಸಲಹೆಯ ಮೇರೆಗೆ ನಡೆಯಬೇಕು, ನಿಜ. ಆದರೆ ಮರುಪರಿಶೀಲಿಸಿ ಎಂದು ಒಮ್ಮೆ ಹಿಂದಕ್ಕೆ ಕಳಿಸಬಹುದು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಕೆ.ಆರ್. ನಾರಾಯಣನ್ ಹಾಗೆ ಹಿಂದಿರುಗಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು. ಮರದ ಬೊಂಬೆ ಇಂಥ ಕೆಲಸ ಮಾಡೀತೆ?

ಹುಡುಗಿಗೆ ಇಷ್ಟನ್ನೂ ವಿವರಿಸಿದೆ. ಕೊನೆಗೆ, ‘ಹೌದಮ್ಮ, ನಿನ್ನನ್ನು ನಾವು ಹಾಗೇ ಕೂರಿಸಿದ್ದೇವೆ’ ಎಂದು ಒಪ್ಪಿಕೊಂಡೆ.

ಈ ವರ್ಷ ಸಂಘದ ಕಾರ್ಯಕ್ರಮಗಳನ್ನು ಮಕ್ಕಳೇ ನಿರ್ಧರಿಸುತ್ತಿದ್ದಾರೆ. ಮೊದಲ ಸಭೆಗೆ ಮೈಕ್ ಹೇಳುವುದನ್ನೇ ಮರೆತಿದ್ದರು. ಎರಡನೆಯ ಸಭೆಗೆ ಮರೆಯಲಿಲ್ಲ.

ತಂದೆತಾಯಿಯರಲ್ಲಿ ನನ್ನದೊಂದು ಮನವಿ. ಮಗನೋ ಮಗಳೋ ಶಾಲೆಯಲ್ಲಿ ‘ಲೀಡರ್’ ಆದರೆ ಸಿಹಿ ಹಂಚಿ, ಸಂತೋಷ. ಜೊತೆಗೆ, ‘ಚುಕ್ಕಾಣಿ ಯಾರ ಕೈಲಿದೆ?’ ಎಂದೂ ಕೇಳಿ.