ಅಗಲದ ಸೀಮೆ, ಉದ್ದದ ಚಿತ್ರ

ವಾರಾಂತ್ಯದ ನಸುಕಿನಲ್ಲಿ ಹುಬ್ಬಳ್ಳಿ–ಧಾರವಾಡದಿಂದ ಹೊರಟ ಬೈಕುಗಳ ಸಾಲು ಕಿತ್ತೂರಿನ ಬಳಿ ಹೆದ್ದಾರಿ ಬಿಡುವುದು ಅಪರೂಪ. ಅಂಬೋಲಿ, ಚೋರ್ಲಾ, ಗೋವಾ ಎಂದು ಅವು ಘಟ್ಟದ ಕಡೆಗೇ ಓಡುತ್ತವೆ. ಮಂಜು, ಜಲಪಾತ, ತಿರುವು ಇದ್ದಲ್ಲಿ ಮಾತ್ರ ಫೋಟೊ ಸಿಗುತ್ತದೆಂಬ ನಂಬಿಕೆ. ಕೆಲವರು ಮಾತ್ರ ಕಿತ್ತೂರಿನಲ್ಲಿ ಹ್ಯಾಂಡಲ್ ಪೂರ್ವಕ್ಕೆ ತಿರುಗಿಸುತ್ತಾರೆ. ಬೈಲಹೊಂಗಲ, ಸವದತ್ತಿ ಹಾಯ್ದು ರಾಮದುರ್ಗ ಮುಟ್ಟುವ ಸುಮಾರು ನೂರು ಕಿಲೋಮೀಟರಿನ ದಾರಿ ಅದು. ಘಟ್ಟದಲ್ಲಿ ಕತ್ತೆತ್ತಿ ನೋಡಬೇಕು. ಇಲ್ಲಿ ಎಡದಿಂದ ಬಲಕ್ಕೆ ಕತ್ತು ಹೊರಳಿಸಿ ನೋಡಬೇಕು. ಪನೋರಮಾಕ್ಕೆ ಹೇಳಿ ಮಾಡಿಸಿದ ನೆಲ.

ಹವ್ಯಾಸಿಗಳು ಕ್ಯಾಮೆರಾ ಹೊತ್ತು ಈ ಸೀಮೆ ಸುತ್ತುವುದು ಹೊಸತೇನಲ್ಲ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಫೋಟೊ ತೆಗೆಯಲು ನೇಮಿಸಿದ್ದು ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು. ಆ ವರ್ಷದ ಕೊನೆಗೆ ಸೇನೆ ಅವನನ್ನು ವಾಪಸ್ ಕರೆಸಿಕೊಂಡಿತು. ಕೆಲಸ ಸೇನಾ ವೈದ್ಯ ವಿಲಿಯಂ ಹೆನ್ರಿ ಪಿಗುವಿನ ಹೆಗಲಿಗೆ ಬಿತ್ತು. ಇವರಿಬ್ಬರ ಮತ್ತು ಎ. ಸಿ. ಬಿ. ನೀಲ್ ಎಂಬ ಇನ್ನೊಬ್ಬ ವೈದ್ಯನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥವಾಗಿ ಬಂದವು. ಅದಕ್ಕೆ ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಒಬ್ಬ ಸಿಪಾಯಿ, ಇಬ್ಬರು ವೈದ್ಯರು. ಫೋಟೊ ತೆಗೆಯುವುದು ಮೂವರಿಗೂ ಹೊಟ್ಟೆಪಾಡಿನ ಕಸುಬಾಗಿರಲಿಲ್ಲ.

ಇಂದಿನ ಹವ್ಯಾಸಿಗೆ ಬೈಕು ಕೊಡುವ ದೊಡ್ಡ ಅನುಕೂಲ ವೇಗವಲ್ಲ, ನಿಲುಗಡೆ. ಬಸ್ಸು ನಿಲ್ಲದ ಕಡೆ, ಕಾರು ಬದಿಗೆ ಸರಿಯಲಾರದ ಕಡೆ ಸ್ಟ್ಯಾಂಡ್ ಹಾಕಬಹುದು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಜೋಪಾನ ಮಾಡಿಕೊಂಡವರಿಂದ ಹಿಡಿದು ದಿನಾ ಹೊಲಕ್ಕೆ ಹೋಗುವ ಗಾಡಿಯಲ್ಲೇ ಹೊರಡುವವರವರೆಗೆ ಎಲ್ಲರಿಗೂ ಇದು ಒಂದೇ.

ಕಿತ್ತೂರು ಕೋಟೆಯಿಂದಲೇ ಶುರುಮಾಡಬಹುದು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಬ್ರಿಟಿಷರನ್ನು ಹಿಮ್ಮೆಟ್ಟಿಸಿದ್ದು ಇಲ್ಲಿ. ಅದೇ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಸೂರು ಕಳೆದುಕೊಂಡ ಅರಮನೆಯ ಗೋಡೆಗಳು ಈಗ ಹುಲ್ಲಿನ ನಡುವೆ ಉದ್ದಕ್ಕೂ ಚಾಚಿಕೊಂಡಿವೆ. ಎತ್ತರ ಕಡಿಮೆ, ಹರಹು ಹೆಚ್ಚು. ಒಂದೇ ಫ್ರೇಮಿಗೆ ತುರುಕಿದರೆ ಬರೀ ಕಲ್ಲುರಾಶಿ ಕಾಣುತ್ತದೆ. ಐದಾರು ಚಿತ್ರಗಳನ್ನು ಪಕ್ಕಪಕ್ಕ ತೆಗೆದು ಜೋಡಿಸಿದಾಗಲೇ ಅಂಗಳ, ಬಾವಿ, ಕೋಣೆಗಳ ವಿನ್ಯಾಸ ಬಿಡಿಸಿಕೊಳ್ಳುತ್ತದೆ.

ಕಿತ್ತೂರು ಬಿಟ್ಟು ಬೈಲಹೊಂಗಲದತ್ತ ಹೋದಂತೆ ಮರಗಳು ವಿರಳವಾಗಿ ನೆಲ ಕಪ್ಪಾಗುತ್ತದೆ. ಘಟ್ಟದಿಂದ ದೂರ ಸರಿದಷ್ಟೂ ಮಳೆ ಕಡಿಮೆ. ಕಬ್ಬಿನ ಹಸಿರು ತೆಳುವಾಗಿ ಜೋಳ, ಕಡಲೆ, ಕುಸುಬಿ, ಹತ್ತಿಯ ಹೊಲಗಳು ಬರುತ್ತವೆ. ಎರಿ ಹೊಲದ ಬಣ್ಣ ತಿಂಗಳಿಗೊಮ್ಮೆ ಬದಲಾಗುತ್ತದೆ. ಜೂನಿನಲ್ಲಿ ಹರಗಿದ ಹೊಲ ಕಪ್ಪು, ಆಗಸ್ಟಿನಲ್ಲಿ ಹೆಸರು–ಸೋಯಾಬೀನ್ ಹಸಿರು, ಹಿಂಗಾರಿಯಲ್ಲಿ ಕುಸುಬಿ ಹೂವಿನ ಕೇಸರಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳ ಎದೆಮಟ್ಟ ಬೆಳೆದಿರುತ್ತದೆ. ಅಂದು ಚರಗ ಚೆಲ್ಲಲು ಹೊಲಕ್ಕೆ ಬಂದ ಮನೆಮಂದಿ ದಾರಿಹೋಕ ಸವಾರನನ್ನೂ ‘ಬರ್ರಿ, ಊಟ ಮಾಡ್ರಿ’ ಎಂದು ಕರೆಯುತ್ತಾರೆ. ಆ ದಿನದ ಒಳ್ಳೆಯ ಚಿತ್ರಗಳು ಊಟದ ನಂತರವೇ ಸಿಗುವುದು.

ಮಳೆಗಾಲದಲ್ಲಿ ಇದೇ ಎರಿ ಮಣ್ಣು ಸವಾರನ ಹಗೆ. ಹೊಲದ ದಾರಿಗೆ ಇಳಿದರೆ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಬಲ್ಲವರು ಡಾಂಬರಿನ ಮೇಲೆ ಗಾಡಿ ಬಿಟ್ಟು, ಒಡ್ಡಿನ ಮೇಲೆ ನಡೆದು ಹೋಗುತ್ತಾರೆ.

ಬೆಳಕಿಗೂ ಇಲ್ಲಿ ತನ್ನದೇ ಪಂಚಾಂಗ. ಈ ಪಟ್ಟಣಗಳು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆಯೇ ಬರುತ್ತಾನೆ. ನೆರಳಿಲ್ಲದ ಆ ಬೆಳಕಿನಲ್ಲಿ ಬಯಲು ಚಪ್ಪಟೆಯಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಆದ್ದರಿಂದ ಒಂದು ಗುಡ್ಡದ ಅಂಚಿನಲ್ಲಿ ಚಳಿಗಾಲದಲ್ಲಿ ಕಂಡ ಸೂರ್ಯೋದಯ ಮಳೆಗಾಲದಲ್ಲಿ ಆ ಜಾಗದಲ್ಲಿರುವುದಿಲ್ಲ.

ಪನೋರಮಾ ತೆಗೆಯುವುದು ಈಗ ಬಲು ಸುಲಭ. ಜರ್ಮನಿಯ ಹೆಲ್ಮುಟ್ ಡೆರ್ಶ್ 1998ರಲ್ಲಿ ಹೊರತಂದ ಪನೋರಮಾ ಟೂಲ್ಸ್ ತಂತ್ರಾಂಶ ಕಂಪ್ಯೂಟರಿನಲ್ಲಿ ಚಿತ್ರ ಹೊಲಿಯುವುದನ್ನು ಹವ್ಯಾಸಿಗಳ ಕೈಗೆ ತಂದಿತು. ಅದರ ಬುನಾದಿಯ ಮೇಲೆ ಬೆಳೆದ ಹುಗಿನ್ ಇವತ್ತಿಗೂ ಉಚಿತ. ಫೋನುಗಳಲ್ಲಿ 2011–12ರ ವೇಳೆಗೆ ಪನೋರಮಾ ಮೋಡ್ ಬಂದ ಮೇಲೆ ಕಂಪ್ಯೂಟರೂ ಬೇಕಾಗಲಿಲ್ಲ. ಆದರೂ ಬೇರೆಬೇರೆ ಚಿತ್ರ ತೆಗೆದು ಹೊಲಿದರೆ ವಿವರ ಹೆಚ್ಚು ಉಳಿಯುತ್ತದೆ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವಂತೆ ಸರಿಸುತ್ತ ಹೋಗಬೇಕು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಕಟ್ಟಿಹಾಕಬೇಕು. ಇಲ್ಲದಿದ್ದರೆ ಆಕಾಶ ಪಟ್ಟಿಪಟ್ಟಿಯಾಗುತ್ತದೆ.

ಪೋಲರೈಜರ್ ಫಿಲ್ಟರನ್ನು ಬಿಚ್ಚಿಡುವುದು ಲೇಸು. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅದರ ಪರಿಣಾಮ ಅತಿ ಹೆಚ್ಚು. ಅಗಲ ಚಿತ್ರದಲ್ಲಿ ಆಕಾಶದ ಒಂದು ಭಾಗವಷ್ಟೇ ಗಾಢ ನೀಲಿಯಾಗಿ ಉಳಿದದ್ದು ಪೇಲವವಾಗುತ್ತದೆ. ಇನ್ನೊಂದು ತೊಡಕು ಸವಾರರಿಗೇ ಮೀಸಲು. ತಮ್ಮ ಬೈಕು ಚಿತ್ರದಲ್ಲಿರಬೇಕೆಂಬ ಆಸೆಗೆ ಅದನ್ನು ಲೆನ್ಸಿನ ಹತ್ತಿರವೇ ನಿಲ್ಲಿಸುತ್ತಾರೆ. ಮೂಗಿನ ಮುಂದೆ ಬೆರಳಿಟ್ಟು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜಿಗಿದಂತೆ ಕಾಣುವ ಹಾಗೆ, ಲೆನ್ಸು ತುಸು ಅತ್ತಿತ್ತ ಸರಿದರೂ ಹತ್ತಿರದ ವಸ್ತು ಜಾಗ ಬದಲಿಸುತ್ತದೆ. ಹೊಲಿದ ಚಿತ್ರದಲ್ಲಿ ಗಾಡಿಗೆ ಎರಡು ಹ್ಯಾಂಡಲ್ ಮೂಡುವುದು ಇದರಿಂದಲೇ. ಪರಿಹಾರ ಎರಡು: ಬೈಕನ್ನು ಹತ್ತಿಪ್ಪತ್ತು ಹೆಜ್ಜೆ ದೂರ ನಿಲ್ಲಿಸಬೇಕು, ತೋಳು ಚಾಚಿ ಫೋನು ಸುತ್ತಿಸದೆ, ಲೆನ್ಸನ್ನು ನಿಂತಲ್ಲೇ ಅಕ್ಷವಾಗಿಟ್ಟು ತಿರುಗಿಸಬೇಕು.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯಿದೆ. ಸೆರೆಯಲ್ಲಿದ್ದ ಆಕೆ 1829ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಇಲ್ಲಿಂದ ಸೊಗಲಕ್ಕೆ ಒಂದು ಅಡ್ಡದಾರಿ ಹೋಗುತ್ತದೆ. ಬಯಲಿನಲ್ಲಿ ಹೋಗುತ್ತಿರುವಾಗಲೇ ಗುಡ್ಡದ ಮಡಿಕೆ ತೆರೆದು ಒಳಗೆ ಜಲಪಾತ, ಸೋಮೇಶ್ವರ ಗುಡಿ. ಚಾಲುಕ್ಯ ಇಮ್ಮಡಿ ತೈಲಪನ ಕಾಲದ, 980ರ ಶಾಸನ ಸಿಕ್ಕ ಊರಿದು. ಇಕ್ಕಟ್ಟಾದ ಈ ಕೊಳ್ಳಕ್ಕೆ ಅಡ್ಡ ಪನೋರಮಾ ಒಗ್ಗದು. ಕೆಳಗಿನಿಂದ ಮೇಲಕ್ಕೆ ಮೂರು ಚಿತ್ರ ತೆಗೆದು ಹೊಲಿದರೆ ನೀರು, ಬಂಡೆ, ಮೇಲಿನ ಆಕಾಶ ಮೂರೂ ದಕ್ಕುತ್ತವೆ.

ದಾರಿಯ ಬಹುದೊಡ್ಡ ನೋಟ ಸವದತ್ತಿಯ ಹತ್ತಿರದ ನವಿಲುತೀರ್ಥದ್ದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಬಯಲಿನಲ್ಲಿ ನಿಧಾನವಾಗಿ ಬಂದು ಇಲ್ಲಿ ಗುಡ್ಡದ ಸಾಲನ್ನೇ ಸೀಳಿ ಹೊರಡುತ್ತದೆ. ನವಿಲಿನ ಕೂಗಿಗೆ ನದಿ ದಾರಿ ಮಾಡಿಕೊಂಡಿತೆಂದು ಜನರ ಕತೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಪ್ರದೇಶದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಈ ಬಂಡೆಗಳ ಸರಣಿಯನ್ನು ಕಲಾದಗಿಯ ಹೆಸರಿನಿಂದ ವಿವರಿಸಿದ. ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕ್ವಾರ್ಟ್‌ಜೈಟ್ ಪದರಗಳವು. ಬಿಸಿಲು ಓರೆಯಾದಾಗ ಒಂದೊಂದು ಪದರದ ಕೆಳಗೂ ನೆರಳಿನ ಗೆರೆ ಎಳೆದಂತಾಗುತ್ತದೆ.

ಕಣಿವೆಯ ಬಾಯಿ ಎಷ್ಟು ಕಿರಿದೆಂದರೆ ಇಲ್ಲಿನ ಅಣೆಕಟ್ಟಿನ ಉದ್ದ ಸುಮಾರು 154 ಮೀಟರ್ ಮಾತ್ರ. ಅದರ ಹಿಂದೆ 37 ಟಿಎಂಸಿಗೂ ಹೆಚ್ಚು ನೀರು ನಿಲ್ಲಬಲ್ಲ ರೇಣುಕಾಸಾಗರ. ಅಣೆಕಟ್ಟಿನ ಬಳಿ ಕಾವಲಿದೆ, ಕೇಳದೆ ಕ್ಯಾಮೆರಾ ತೆಗೆಯುವುದು ಸಲ್ಲ. 2021ರ ಡ್ರೋನ್ ನಿಯಮಗಳೂ ಅನ್ವಯಿಸುತ್ತವೆ. ಹಿನ್ನೀರಿನ ದಂಡೆಯ ರಸ್ತೆಗಳಿಂದಲೇ ಬೇಕಾದಷ್ಟು ಸಿಗುತ್ತದೆ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮಾತ್ರ ಹೊಲಿಗೆಯ ತಂತ್ರಾಂಶವನ್ನು ಪೀಡಿಸುತ್ತವೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ರೆಕ್ಕೆ ತಿರುಗಿರುವುದರಿಂದ ಅರೆ ರೆಕ್ಕೆ, ಜೋಡಿ ರೆಕ್ಕೆ ಮೂಡುತ್ತವೆ. ಪ್ರತಿ ಯಂತ್ರವೂ ಒಂದೇ ಫ್ರೇಮಿನಲ್ಲಿ ಪೂರ್ತಿ ಬರುವಂತೆ ನೋಡಿಕೊಂಡರೆ ತೊಂದರೆ ಇಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನಸಾಗರವೇ ಬರುತ್ತದೆ. ಸಿಂಗರಿಸಿದ ಚಕ್ಕಡಿಗಳು, ಬಯಲಲ್ಲೇ ಹೂಡಿದ ಒಲೆಗಳು, ‘ಉಧೋ ಉಧೋ’ ಕೂಗು, ಗಾಳಿಯಲ್ಲಿ ಭಂಡಾರ. ಅರಿಶಿನದ ಆ ಹಳದಿಯನ್ನು ಆಟೊ ವೈಟ್ ಬ್ಯಾಲೆನ್ಸ್ ‘ಸರಿಪಡಿಸಲು’ ಹೋಗಿ ಮುಖಗಳನ್ನು ನೀಲಿಗಟ್ಟಿಸುತ್ತದೆ. ಪುಡಿ ಲೆನ್ಸಿನ ಸಂದಿಗೂ ಇಳಿಯುತ್ತದೆ. ಇಲ್ಲಿ ತಂತ್ರಕ್ಕಿಂತ ಎಚ್ಚರ ಮುಖ್ಯ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿದೆ. ಆ ಪದ್ಧತಿಯ ನೋವುಂಡ ಹಿರಿಯ ಹೆಂಗಸರು ಇನ್ನೂ ಇದ್ದಾರೆ, ಮತ್ತು ಹೊರಗಿನವರ ಕ್ಯಾಮೆರಾಗಳು ಅವರನ್ನು ಹುಡುಕಿಕೊಂಡು ಬಂದದ್ದು ಸಾಕಷ್ಟಾಗಿದೆ. ದೂರದಿಂದ ಇಡೀ ಗುಡ್ಡವನ್ನು ತೆಗೆಯಬಹುದು. ಒಬ್ಬ ತಾಯಿಯ ಮುಖ ಬೇಕಾದರೆ ‘ಯವ್ವಾ, ಫೋಟೊ ತೆಗೀಲೇನ್ರಿ?’ ಎಂದು ಕೇಳಬೇಕು, ಬೇಡವೆಂದರೆ ಮುಚ್ಚಿಡಬೇಕು.

ಸವದತ್ತಿಯಿಂದ ಪೂರ್ವಕ್ಕೆ ಊರುಗಳ ನಡುವಿನ ಅಂತರ ಹೆಚ್ಚುತ್ತದೆ, ಹೊಲಗಳ ಆಚೆ ಕೆಂಪುಕಲ್ಲಿನ ಗುಡ್ಡದ ಸಾಲು ಬಿಡದೆ ಜೊತೆಗೆ ಬರುತ್ತದೆ. ಸುರೇಬಾನದ ಬಳಿಯ ಶಬರಿಕೊಳ್ಳ, ಹಳೆಯ ಕೋಟೆ ಮತ್ತು ಭೂತನಾಥ ಗುಡಿಗಳ ತೊರಗಲ್ಲು ಎರಡೂ ರಾಮದುರ್ಗ ತಾಲ್ಲೂಕಿನವು. ರಾಮದುರ್ಗ ಒಂದು ಕಾಲಕ್ಕೆ ಭಾವೆ ಮನೆತನದ ಪುಟ್ಟ ಸಂಸ್ಥಾನ, 1939ರಲ್ಲಿ ಪ್ರಜೆಗಳು ದಂಗೆ ಎದ್ದ ಊರು. ಗುಡ್ಡ ಬಿಟ್ಟ ಮಲಪ್ರಭೆ ಇಲ್ಲಿ ಪಟ್ಟಣದ ಮಗ್ಗುಲಲ್ಲೇ ಹರಿಯುತ್ತದೆ.

2019ರ ಆಗಸ್ಟಿನಲ್ಲಿ ನದಿ ಮಗ್ಗುಲಲ್ಲಿ ನಿಲ್ಲಲಿಲ್ಲ, ಓಣಿಗಳಿಗೆ ನುಗ್ಗಿತು. ಅಂಥ ನೆರೆಯ ನಂತರ ನೀರು ಎಲ್ಲಿಯವರೆಗೆ ಬಂದಿತ್ತು, ದಂಡೆ ಎಲ್ಲಿ ಕೊರೆದಿದೆ ಎಂಬ ಪ್ರಶ್ನೆಗಳಿಗೆ ಮೊದಲು ತೆಗೆದಿಟ್ಟ ಅಗಲ ಚಿತ್ರವೊಂದು ಉತ್ತರ ಕೊಡಬಲ್ಲದು. ಅದಕ್ಕೆ ಆ ಚಿತ್ರ ಎಲ್ಲರ ಕೈಗೆ ಸಿಗುವಂತಿರಬೇಕು. ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಆರಂಭವಾಗಿ 2012ರಲ್ಲಿ ಭಾರತಕ್ಕೂ ಬಂದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಸ್ಪರ್ಧೆ ಹವ್ಯಾಸಿಗಳ ಸ್ಮಾರಕ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸುತ್ತದೆ. ಕೋಟೆ, ಗುಡಿಗಳಷ್ಟೇ ಅಲ್ಲ, ನದಿ, ಹೊಲಗಳ ಚಿತ್ರಗಳಿಗೂ ಕಾಮನ್ಸ್‌ನಲ್ಲಿ ಜಾಗವಿದೆ. ಸವಾರ ಮಾಡಬೇಕಾದ್ದು ಚೂರು ಹೆಚ್ಚಿನ ಕೆಲಸ: ಊರಿನ ಹೆಸರು, ತಾರೀಖು, ನಿಂತ ಜಾಗ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು ಬರೆದಿಡುವುದು. ಇಷ್ಟಿದ್ದರೆ ಹತ್ತು ವರ್ಷ ಬಿಟ್ಟು ಬೇರೆ ಯಾರೋ ಅದೇ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಅದೇ ದಿಕ್ಕಿಗೆ ತಿರುಗಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.