ಪಳೆಯುಳಿಕೆ ಇಂಧನ ಮತ್ತು ಇಂಗಾಲದ ಬೋಧನೆ

ಪಳೆಯುಳಿಕೆ ಇಂಧನ ಮತ್ತು ಇಂಗಾಲದ ಬೋಧನೆಯು ಶಾಲಾ ವಿಜ್ಞಾನ ಹಾಗೂ ಪರಿಸರ ಶಿಕ್ಷಣದ ಒಂದು ಭಾಗವಾಗಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಗಳ ಉತ್ಪತ್ತಿ, ಬಳಕೆ ಹಾಗೂ ಪರಿಣಾಮಗಳನ್ನು ಮಕ್ಕಳಿಗೆ ತಿಳಿಸುವುದು ಇದರ ಉದ್ದೇಶ. ಈ ಇಂಧನಗಳು ಎಷ್ಟು ಕಾಲ ಉಳಿಯುತ್ತವೆ ಮತ್ತು ಉರಿದ ಮೇಲೆ ಅವುಗಳಲ್ಲಿದ್ದ ಇಂಗಾಲ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಮುಖ್ಯವಾದವು.

ಇತಿಹಾಸ

ಇಂಗಾಲದ ಕುರಿತು ಮಕ್ಕಳಿಗೆ ನೀಡಿದ ಪಾಠಗಳಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಉಪನ್ಯಾಸಗಳು ಪ್ರಸಿದ್ಧವಾಗಿವೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1860–61ರ ಕ್ರಿಸ್‌ಮಸ್ ಸಮಯದಲ್ಲಿ ಆತನು ಮೇಣದ ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು 6 ಉಪನ್ಯಾಸಗಳನ್ನು ನೀಡಿದನು. ಮೇಣ ಉರಿದಾಗ ಅದರ ಇಂಗಾಲವು ನಾಶವಾಗದೆ ಅನಿಲರೂಪದಲ್ಲಿ ಗಾಳಿಗೆ ಸೇರುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿ, ಈ ದಹನವನ್ನು ಪ್ರಾಣಿಗಳ ಉಸಿರಾಟಕ್ಕೆ ಹೋಲಿಸಿದನು. ಈ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಪ್ರಕಟವಾದವು.

ಭಾರತದಲ್ಲಿ

ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಎನ್‌ಸಿಇಆರ್‌ಟಿ 2008ರಲ್ಲಿ ಪ್ರಕಟಿಸಿದ 8ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಕುರಿತ ಪ್ರತ್ಯೇಕ ಅಧ್ಯಾಯವಿದೆ. ಅದರ ಒಂದು ಚಟುವಟಿಕೆಯಲ್ಲಿ 7 ವಿದ್ಯಾರ್ಥಿಗಳು 1, 2 ಮತ್ತು 4 ಜನರ ಮೂರು 'ತಲೆಮಾರು'ಗಳಾಗಿ, ಒಂದೇ ಪಾತ್ರೆಯಲ್ಲಿರುವ ಕಡಲೆಕಾಯಿಯಂತಹ ತಿನಿಸನ್ನು ಒಂದರ ನಂತರ ಒಂದರಂತೆ ತಿನ್ನುತ್ತಾರೆ. ಮೂರನೆಯ ತಲೆಮಾರಿಗೆ ಏನಾದರೂ ಉಳಿಯಿತೇ ಎಂಬುದೇ ಪ್ರಶ್ನೆ.

ಇಂಗಾಲದ ಲೆಕ್ಕ

ಮೇಲಿನ ಚಟುವಟಿಕೆಯು ಇಂಧನ ಮುಗಿಯುವುದನ್ನು ತೋರಿಸುತ್ತದೆ. ಉರಿದದ್ದು ಎಲ್ಲಿ ಸಂಗ್ರಹವಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಾಗುತ್ತದೆ. 12 ಗ್ರಾಂ ಇಂಗಾಲವು ಪೂರ್ಣವಾಗಿ ಉರಿದಾಗ 32 ಗ್ರಾಂ ಆಮ್ಲಜನಕದೊಡನೆ ಸೇರಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ ಅನಿಲ ಕಣ್ಣಿಗೆ ಕಾಣದಿದ್ದರೂ, ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುವುದರಿಂದ ಅದನ್ನು ಗುರುತಿಸಬಹುದು.

ಸೌದೆ ಉರಿದಾಗಲೂ ಇದೇ ಅನಿಲ ಬಿಡುಗಡೆಯಾಗುತ್ತದೆ. ಆದರೆ ಅದು ಮರವು ಕೆಲವು ದಶಕಗಳಲ್ಲಿ ಗಾಳಿಯಿಂದ ಪಡೆದ ಇಂಗಾಲ. ಆ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ ಅದನ್ನು ಮರಳಿ ಹೀರಿಕೊಳ್ಳಬಲ್ಲದು. ಭಾರತದ ಬಹುಪಾಲು ಕಲ್ಲಿದ್ದಲಿನ ಇಂಗಾಲವಾದರೋ ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಸಸ್ಯಗಳದ್ದು. ಅಷ್ಟು ಕಾಲ ನೆಲದಡಿಯಲ್ಲಿದ್ದುದು ಈಗ ಅಲ್ಪಾವಧಿಯಲ್ಲಿ ವಾತಾವರಣಕ್ಕೆ ಸೇರುತ್ತಿದೆ. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ದಶಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್, 2024ರಲ್ಲಿ 420 ಭಾಗವನ್ನು ದಾಟಿತ್ತು.

ಸಾಮಾನ್ಯ ತಪ್ಪು ಗ್ರಹಿಕೆಗಳು

• ಪೆಟ್ರೋಲಿಯಂ ಡೈನೋಸಾರ್‌ಗಳಿಂದ ಉಂಟಾಯಿತು ಎಂಬುದು ಸರಿಯಲ್ಲ. ಅದರ ಮೂಲ ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳು.
• ಮರದ ತೂಕವೆಲ್ಲ ಮಣ್ಣಿನಿಂದ ಬರುತ್ತದೆ ಎಂದು ಹಲವರು ಭಾವಿಸುತ್ತಾರೆ. ಮರದಲ್ಲಿರುವ ಇಂಗಾಲವು ಗಾಳಿಯಿಂದ ಬಂದದ್ದು.
• ಓಝೋನ್ ಪದರದ ರಂಧ್ರವೇ ಭೂಮಿ ಬಿಸಿಯಾಗಲು ಕಾರಣವೆಂದು ಹೇಳುವುದುಂಟು. ಇವೆರಡೂ ಬೇರೆ ಬೇರೆ ಸಮಸ್ಯೆಗಳು.