ಪಿತ್ತಕೋಶ ತೆಗೆದ ಮೇಲೂ ನೋವೇಕೆ?

ಪಿತ್ತಕೋಶದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ಹಲಸೂರಿನ ತಾಯಿಯೊಬ್ಬರು ಮೂರನೆಯ ದಿನ ಬಲಭುಜ ಹಿಡಿದುಕೊಂಡು ಗಾಬರಿಯಿಂದ ಬಂದರು. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ? ಲ್ಯಾಪರೊಸ್ಕೋಪಿಯಲ್ಲಿ ಉದರವನ್ನು ಇಂಗಾಲದ ಡೈಆಕ್ಸೈಡ್ ಅನಿಲದಿಂದ ಉಬ್ಬಿಸುತ್ತಾರೆ. ಅದು ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಕುತ್ತಿಗೆಯಿಂದ ಹೊರಡುವುದರಿಂದ ನೋವು ಭುಜದಲ್ಲಿ ತೋರುತ್ತದೆ. ಮೆಲ್ಲನೆ ನಡೆದಾಡುತ್ತಿದ್ದರೆ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಎದೆಬಿಗಿತ, ಏದುಸಿರು ಜೊತೆಗೂಡಿದರೆ ಮಾತ್ರ ತಡಮಾಡಲಾಗದು.

‘ಇನ್ನು ಪಿತ್ತವೇ ಇಲ್ಲವಲ್ಲ’ ಎನ್ನುವವರುಂಟು. ಹಾಗಲ್ಲ, ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಕೋಶವು ಕೂಡಿಡುವ ಚೀಲವಷ್ಟೆ. ಈಗ ರಸವು ಕರುಳಿಗೆ ಸದಾ ಜಿನುಗುವುದರಿಂದ ಕೆಲಕಾಲ ಜಿಡ್ಡಿನೂಟ ಒಗ್ಗದು, ಮಲ ಸಡಿಲವಾದೀತು. ಗಂಜಿ, ತಿಳಿಸಾರು, ಮಜ್ಜಿಗೆ ಹಿತ.

ಮೊದಲ ವಾರದಲ್ಲಿ ಹೊಟ್ಟೆನೋವು ಇಳಿಯುವ ಬದಲು ಏರುತ್ತಿದ್ದರೆ ಪಿತ್ತರಸ ಒಳಗೆ ಸೋರುತ್ತಿರಬಹುದು. ತಿಂಗಳುಗಳ ಬಳಿಕ ಬಲಪಕ್ಕೆಯಡಿ ಹಳೆಯ ನೋವೇ ಮರುಕಳಿಸಿದರೆ ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು. ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ಮೂತ್ರ ಕಪ್ಪಾಗಿ ಮಲ ಬಿಳಿಚಿದರೆ ಅದೇ ದಿನ ಶಸ್ತ್ರವೈದ್ಯರನ್ನು ಕಾಣಬೇಕು. ನಾಳಕ್ಕೆ ಅಡ್ಡ ಕುಳಿತ ಕಲ್ಲನ್ನು ಕಷಾಯ ಕರಗಿಸದು; ಎಂಡೋಸ್ಕೋಪಿಯಿಂದ ತೆಗೆಯಬೇಕಾಗುತ್ತದೆ. ಕಾಮಾಲೆಯೆಂದು ನೆಲನೆಲ್ಲಿ ರಸ ಕುಡಿಯುತ್ತ ವಾರ ಕಳೆದು ಬಂದವರನ್ನು, ನಾನು ಆಯುರ್ವೇದದವನಾದರೂ, ನಾಡಿ ಹಿಡಿದು ಕೂರದೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಕಳುಹಿಸಿದ್ದೇನೆ.